ಹತ್ತುವ ಮುನ್ನ ಬೆಟ್ಟದವರನ್ನು ಕೇಳಿ

ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಯಲ್ಲಿ 348 ಮೀಟರ್ ಎತ್ತರಕ್ಕೆ ನಿಂತ ಕೆಂಪು ಬಂಡೆ ಉಲುರು. ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಅದು ಪವಿತ್ರ. ದಯವಿಟ್ಟು ಹತ್ತಬೇಡಿ ಎಂದು ಕೋರುವ ಫಲಕ ಬುಡದಲ್ಲೇ ಇತ್ತು. ಆದರೆ ಕಾನೂನಿನ ಅಡ್ಡಿ ಇರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಪ್ರವಾಸಿಗರು ಫಲಕದ ಪಕ್ಕದಲ್ಲೇ ಹಾದು, ಸರಪಳಿ ಹಿಡಿದು ಮೇಲೇರಿದರು. ಮೂವತ್ತಕ್ಕೂ ಹೆಚ್ಚು ಮಂದಿ ಅಲ್ಲಿ ಪ್ರಾಣ ಕಳೆದುಕೊಂಡರು. ತಮ್ಮ ನೆಲಕ್ಕೆ ಬಂದವರ ಕ್ಷೇಮ ತಮ್ಮದೇ ಹೊಣೆ ಎಂದು ನಂಬಿದ ಅನಂಗು ಜನರಿಗೆ ಆ ಸಾವುಗಳೂ ದುಃಖವೇ. 2017ರಲ್ಲಿ ಉದ್ಯಾನದ ಆಡಳಿತ ಮಂಡಳಿ ಹತ್ತುವುದನ್ನು ನಿಲ್ಲಿಸಲು ಒಮ್ಮತದಿಂದ ತೀರ್ಮಾನಿಸಿತು. 2019ರ ಅಕ್ಟೋಬರ್ 26ರಂದು ನಿಷೇಧ ಜಾರಿಗೆ ಬಂತು. ಅದಕ್ಕೆ ಮುನ್ನ ಕಡೆಯ ಅವಕಾಶ ತಪ್ಪಬಾರದೆಂದು ಓಡಿಬಂದವರ ಸಾಲು ಬಂಡೆಯ ಮೇಲೆ ಉದ್ದಕ್ಕೆ ಬೆಳೆದಿತ್ತು.

ಅವರಲ್ಲಿ ಎಷ್ಟೋ ಮಂದಿ ಕಾಗದದ ಚೂರನ್ನೂ ನೆಲಕ್ಕೆ ಬಿಸಾಡದವರೇ ಇರಬಹುದು. ಆದರೆ ಕಸ ಹಾಕದಿರುವುದಷ್ಟೇ ಸಭ್ಯತೆ ಎಂದುಕೊಂಡವರಿಗೆ, ಕಾಲಿಡದಿರುವುದೂ ಸಭ್ಯತೆ ಎಂಬುದು ಹೊಳೆಯುವುದಿಲ್ಲ.

ಹೊಳೆದವರೂ ಇದ್ದಾರೆ. 1955ರಲ್ಲಿ ಕಾಂಚನಜುಂಗಾವನ್ನು ಮೊದಲ ಬಾರಿಗೆ ಏರಿದ ಬ್ರಿಟಿಷ್ ತಂಡದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ತುತ್ತತುದಿಗೆ ಕೆಲವೇ ಅಡಿ ಇರುವಾಗ ನಿಂತರು. ಶಿಖರವನ್ನು ಮೆಟ್ಟುವುದಿಲ್ಲವೆಂದು ಸಿಕ್ಕಿಂನ ಅರಸರಿಗೆ ಕೊಟ್ಟ ಮಾತು ಅದು. ಆಮೇಲೆ ಬಂದ ಅನೇಕ ತಂಡಗಳೂ ಅದನ್ನು ಪಾಲಿಸಿವೆ.

ಉತ್ತರ ಯುರೋಪಿನ ರೀತಿಯೇ ಬೇರೆ. ಸ್ವೀಡನ್ನಿನಲ್ಲಿ ಯಾರದೇ ಕಾಡಿನಲ್ಲಿ ನಡೆಯಬಹುದು, ಬೆರ್ರಿ, ಅಣಬೆ ಕೀಳಬಹುದು, ರಾತ್ರಿಯ ಮಟ್ಟಿಗೆ ಡೇರೆ ಹಾಕಬಹುದು. ಈ ಹಕ್ಕು 1994ರಲ್ಲಿ ಸಂವಿಧಾನಕ್ಕೂ ಸೇರಿತು. ಯಾರಿಗೂ ತೊಂದರೆ ಕೊಡಬಾರದು, ಏನನ್ನೂ ಕೆಡಿಸಬಾರದು ಎಂಬುದೇ ಅದರ ತಿರುಳು. ನಾರ್ವೆಯ 1957ರ ಕಾಯ್ದೆ ಅಂಥದ್ದೇ ಸ್ವಾತಂತ್ರ್ಯ ಕೊಟ್ಟು, ಜನವಸತಿಯ ಮನೆಯಿಂದ ಡೇರೆ ಕನಿಷ್ಠ 150 ಮೀಟರ್ ದೂರವಿರಲಿ ಎನ್ನುತ್ತದೆ. ಬೇಲಿ ಕಾಣದ ಕಡೆಯೂ ಅಳತೆ ಇದೆ. ಅದನ್ನು ಕಾಯಬೇಕಾದವನು ಬಂದ ಅತಿಥಿಯೇ.

ಇನ್ನು ಹೇಳಲು ಸಂಕೋಚಪಡುವ, ಆದರೆ ಪ್ರತಿ ಚಾರಣದಲ್ಲೂ ಎದುರಾಗುವ ವಿಷಯ: ಮಲವಿಸರ್ಜನೆ. ಅಮೆರಿಕದ ಕಾಡುಗಳಲ್ಲಿ ನೀರಿನಿಂದ ಸುಮಾರು 60 ಮೀಟರ್ ದೂರದಲ್ಲಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚುವುದು ಒಳ್ಳೆಯ ಅಭ್ಯಾಸ. ಅದೇ ದೇಶದ ಮೌಂಟ್ ವಿಟ್ನಿಯಲ್ಲಿ ಅದು ಸಲ್ಲದು. ಚೀಲದಲ್ಲಿ ಕಟ್ಟಿ ಹೊತ್ತು ಇಳಿಯಲೇಬೇಕು. ಎತ್ತರದ ಕಲ್ಲುನೆಲದಲ್ಲಿ, ಚಳಿಯಲ್ಲಿ ಮಲ ಬೇಗ ಕೊಳೆಯುವುದಿಲ್ಲ. ಕಾರಣ ಅರಿತವರು ಹೊಸ ಜಾಗದಲ್ಲೂ ಸರಿಯಾಗಿ ನಡೆದುಕೊಳ್ಳುತ್ತಾರೆ; ನಿಯಮವನ್ನಷ್ಟೇ ಬಾಯಿಪಾಠ ಮಾಡಿದವರು ತಡವರಿಸುತ್ತಾರೆ.

ಜಪಾನಿನ ಬೆಟ್ಟಗಳಲ್ಲಿ ತಮ್ಮ ಕಸವನ್ನು ತಾವೇ ಮನೆಗೆ ಒಯ್ಯುತ್ತಾರೆ, ಕಿರುದಾರಿಯಲ್ಲಿ ಏರುವವರಿಗೆ ಇಳಿಯುವವರು ದಾರಿ ಬಿಡುತ್ತಾರೆ, ಎದುರಾದವರಿಗೆ ವಂದಿಸುತ್ತಾರೆ. ಇಷ್ಟು ಶಿಸ್ತಿನ ನಾಡೂ 2024ರಲ್ಲಿ ಫ್ಯೂಜಿಯ ಯೊಶಿದಾ ದಾರಿಗೆ ದಿನಕ್ಕೆ 4,000 ಮಂದಿಯ ಮಿತಿ, 2,000 ಯೆನ್ ಶುಲ್ಕ ವಿಧಿಸಬೇಕಾಯಿತು.

ನಮ್ಮಲ್ಲೂ ಆದದ್ದು ಅದೇ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿತು. ಮುಂದೆ ಆನ್‌ಲೈನ್ ಬುಕಿಂಗ್ ಬಂತು. ಆದರೆ ಅನಂಗು ಜನರ ಮಾತು ಕನ್ನಡಿಗರಿಗೆ ಹೊಸದಾಗಬಾರದು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕೊಡಲಿ ಆಡದಂತೆ ಬಹುಕಾಲ ಕಾದದ್ದು ಊರವರ ಭಯಭಕ್ತಿ. ಅಂಥ ಕಾಡಿನ ಅಂಚಿನಲ್ಲಿ ಡೇರೆ ಹಾಕುವ ಮೊದಲು ಹತ್ತಿರದ ಮನೆಯವರನ್ನು ಮಾತಾಡಿಸಿದರೆ, ಕುಡಿಯುವ ನೀರಿನ ತೊರೆ ಯಾವುದು, ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಜಾಗಕ್ಕೆ ಹೋಗಬಾರದು ಎಂಬುದನ್ನು ಅವರೇ ತಿಳಿಸುತ್ತಾರೆ.