ಎಲ್ಲರೂ ಒಂದೇ ಕಸುಬಿನವರಾದಾಗ

ಮೇಜಿನ ಸುತ್ತ ನಾಲ್ಕೈದು ಜನ ಕೂತು, ಕತೆ ಕಟ್ಟುತ್ತಲೇ ಆಡುವ ಒಂದು ಬಗೆಯ ಆಟವಿದೆ. ಹದಿಹರೆಯದ ಮಕ್ಕಳಿರುವ ಮನೆಯವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರು ಕೇಳಿರಬಹುದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಅಮೆರಿಕದಲ್ಲಿ ಹೊರತಂದರು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಆಗುತ್ತದೋ ಇಲ್ಲವೋ ಎಂಬಲ್ಲಿ ದಾಳ ತೀರ್ಮಾನಿಸುತ್ತದೆ. ತಂಡವೆಂದರೆ ಸಾಮಾನ್ಯವಾಗಿ ಒಬ್ಬ ಯೋಧ, ಒಬ್ಬ ಮಾಂತ್ರಿಕ, ಗಾಯ ವಾಸಿಮಾಡಲು ಒಬ್ಬ ಪುರೋಹಿತ, ಬೀಗ ತೆಗೆಯಲು ಒಬ್ಬ ಕಳ್ಳ. ಯಾವ ಕೆಲಸ ಯಾರದು ಎಂಬ ಜಗಳವೇ ಇಲ್ಲ.

ಕೆಲವರು ಬೇಕೆಂದೇ ಈ ಹಂಚಿಕೆಯನ್ನು ಕೈಬಿಡುತ್ತಾರೆ. ಈ ಸಲ ಎಲ್ಲರೂ ಕಳ್ಳರೇ ಎಂದು ನಿಶ್ಚಯಿಸಿ ಕೂರುತ್ತಾರೆ. 1976ರಲ್ಲಿ ಬಂದ ‘ಬನ್ನೀಸ್ ಅಂಡ್ ಬರೋಸ್’ ಎಂಬ ಆಟದಲ್ಲಂತೂ ಎಲ್ಲರೂ ಮೊಲಗಳು! ಬರೀ ಕಳ್ಳರ ತಂಡಕ್ಕೆ ಪೆಟ್ಟು ಬಿದ್ದರೆ ಮಂತ್ರ ಹಾಕಿ ಗಾಯ ಮಾಯಿಸುವವರಿಲ್ಲ. ಹಾಗಾಗಿ ಅವರು ಮುಂಬಾಗಿಲಿಗೆ ನುಗ್ಗದೆ ಹಿತ್ತಿಲ ದಾರಿ ಹುಡುಕುತ್ತಾರೆ. ಬೀಗ ತೆಗೆಯಲು ಎಲ್ಲರಿಗೂ ಬರುತ್ತದೆ ಸರಿ, ಮುಂದೆ ಹೋಗುವವರು ಯಾರು? ಸಿಕ್ಕಿಬಿದ್ದವನಿಗಾಗಿ ಹಿಂದಿರುಗುವವರು ಯಾರು? ಕಸುಬು ಇದನ್ನು ಹೇಳುವುದಿಲ್ಲ, ಸ್ವಭಾವ ಹೇಳಬೇಕು.

ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ರಚಿಸಿದ ‘ಪೆಂಡ್ರ್ಯಾಗನ್’ ಈ ಸ್ವಭಾವಕ್ಕೆ ಲೆಕ್ಕವನ್ನೇ ಇಟ್ಟಿದೆ. ಅಲ್ಲಿ ಆಡುವವರೆಲ್ಲ ಆರ್ಥರ್ ರಾಜನ ಕಾಲದ ನೈಟ್‌ಗಳು. ಪ್ರತಿಯೊಬ್ಬರ ಪಾತ್ರದ ವಿವರ ಬರೆದಿಟ್ಟ ಹಾಳೆಯಲ್ಲೂ ಕ್ಷಮೆ–ಸೇಡು, ಔದಾರ್ಯ–ಸ್ವಾರ್ಥ, ದಯೆ–ಕ್ರೌರ್ಯ ಎಂಬಂತೆ 13 ಜೋಡಿ ಗುಣಗಳು. ಪ್ರತಿ ಜೋಡಿಯ ಮೊತ್ತ 20. ದಯೆ 13 ಇದ್ದರೆ ಕ್ರೌರ್ಯ 7. ಸೋತು ಮಂಡಿಯೂರಿದ ಶತ್ರುವನ್ನು ಉಳಿಸಿದರೆ ದಯೆಯ ಪಕ್ಕ ಒಂದು ಗುರುತು ಬೀಳಬಹುದು. ವರ್ಷದ ಕೊನೆಗೆ, ಚಳಿಗಾಲದಲ್ಲಿ, ಗುರುತು ಬಿದ್ದ ಗುಣಕ್ಕೆ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಈಗಿರುವ ಅಂಕೆಗಿಂತ ಹೆಚ್ಚು ಬಿದ್ದರೆ ಆ ಗುಣ ಒಂದು ಏರುತ್ತದೆ, ಅದರ ಜೋಡಿ ಒಂದು ಇಳಿಯುತ್ತದೆ. ಒಳ್ಳೆಯವನೆಂದು ಹೇಳಿಕೊಂಡರೆ ಅಂಕೆ ಕದಲದು. ಇನ್ನೊಂದು ತಮಾಷೆ: ಯಾವುದಾದರೂ ಗುಣ 16 ಮುಟ್ಟಿತೋ, ಊರಿಗೆಲ್ಲ ಅದೇ ಹೆಸರು. ಆಮೇಲೆ ಅದರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಈ ಕಡೆಯ ಮಾತು ನಮ್ಮ ಮನೆಗಳಿಗೂ ಚೆನ್ನಾಗಿ ಅನ್ವಯಿಸುತ್ತದೆ. ಮೂವರು ಮಕ್ಕಳೂ ಸಾಫ್ಟ್‌ವೇರ್ ಕೆಲಸದವರು ಎನ್ನೋಣ. ಮೂವರಿಗೂ ಲ್ಯಾಪ್‌ಟಾಪ್ ಇದೆ, ಮೂವರೂ ಮನೆಯಿಂದಲೇ ಕೆಲಸ ಮಾಡಬಲ್ಲರು. ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ, ದಿನಕ್ಕೆ ಹಲವು ಸಲ ಹನಿ ಹಾಕಬೇಕು. ‘ಅದು ನನಗೆ ಬರುವ ಕೆಲಸವಲ್ಲ’ ಎನ್ನಲು ಯಾರಿಗೂ ದಾರಿಯಿಲ್ಲ. ಆದರೂ ಹೋದ ಸಲ ಅಮ್ಮನ ಮಂಡಿನೋವಿಗೆ ರಜೆ ಹಾಕಿದ ಮಗಳ ಕಡೆಗೇ ಎಲ್ಲರ ಕಣ್ಣು ಹೊರಳುತ್ತದೆ. ‘ಅವಳಿಗೆ ಅಭ್ಯಾಸವಿದೆ ಬಿಡಿ’ ಎನ್ನುತ್ತೇವೆ. ಹೊಗಳಿಕೆಯಂತೆ ಕೇಳುವ ಈ ಮಾತಿನಲ್ಲಿ ಒಂದಿಷ್ಟು ಜಾಣತನವೂ ಇದೆಯಲ್ಲವೇ? ಅವಳ ಅಂಕೆ ಆಗಲೇ ಏರಿದೆ. ಗುರುತು ಬೀಳಬೇಕಾದದ್ದು ಉಳಿದಿಬ್ಬರ ಹಾಳೆಯಲ್ಲಿ. ಈ ಸಲದ ಸರದಿಯನ್ನು ಕಿರಿಯವನೇ ಕೇಳಿ ತೆಗೆದುಕೊಳ್ಳಲಿ. ಮೊದಲ ದಿನ ಅರ್ಧ ಹನಿ ಅಪ್ಪನ ಕೆನ್ನೆಗೇ ಬೀಳುತ್ತದೆ. ಅಪ್ಪ ಗೊಣಗುತ್ತಾರೆ, ಗೊಣಗಲಿ. ಅಕ್ಕನಿಗೆ ಫೋನ್ ಮಾಡಿ ಹೇಗೆಂದು ಕೇಳಿಕೊಂಡರಾಯಿತು.