ಎತ್ತಿಗೆ ಸೋಮವಾರ ಉಂಟು, ಮನುಷ್ಯನಿಗೆ?



ಕೊತ್ತತ್ತಿಯ ಕಡೆಯ ಹಿರಿಯ ಬೇಸಾಯಗಾರರನ್ನು ಕೇಳಿ ನೋಡಿ. ಸೋಮವಾರ ಆರು ಕಟ್ಟಬಾರದು ಎಂಬುದು ಹಳೇ ಮೈಸೂರು ಸೀಮೆಯ ಹಳ್ಳಿಗಳ ಕಟ್ಟುಪಾಡು. ಕೆಲಸ ಎಷ್ಟೇ ಇರಲಿ, ಅಂದು ಎತ್ತಿನ ಹೆಗಲಿಗೆ ನೊಗವಿಲ್ಲ. ಆದರೆ ಅದೇ ಮನೆಯ ಯಜಮಾನನಿಗೆ ಅಂದು ಬಿಡುವುಂಟೇ? ಆತನ ಮಡದಿಗೆ? ಕೊಟ್ಟಿಗೆ, ಒಲೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಸಂಘದ ಸಾಲದ ಕಂತು, ಇವುಗಳಲ್ಲಿ ಯಾವುದಕ್ಕೂ ಸೋಮವಾರವಿಲ್ಲ.

"ನನ್ನನ್ನು ನಾನು ನೋಡಿಕೊಳ್ಳುವುದು ಸ್ವಾರ್ಥವಲ್ಲವೇ? ಶಿಲುಬೆಯನ್ನು ಹೊರು ಎಂದಲ್ಲವೇ ನಮ್ಮ ಪ್ರಭು ಹೇಳಿದ್ದು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಆದರೆ ಶಿಲುಬೆ ಹೊರುವುದು ಬೇರೆ, ದೇಹವನ್ನೂ ಮನಸ್ಸನ್ನೂ ಹಾಳುಗೆಡಹುವುದು ಬೇರೆ. ಬದುಕೂ ಆರೋಗ್ಯವೂ ದೇವರು ನಮ್ಮ ವಶಕ್ಕೆ ಒಪ್ಪಿಸಿದ ವರಗಳು, ಅವನ್ನು ತಕ್ಕಮಟ್ಟಿಗೆ ಕಾಪಾಡಿಕೊಳ್ಳುವುದು ಕರ್ತವ್ಯ ಎಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಸಬ್ಬತ್ತಿನ ಕಟ್ಟಳೆಯೂ ಎತ್ತು, ಕತ್ತೆ, ಆಳು, ಯಜಮಾನ ಎಲ್ಲರನ್ನೂ ಒಟ್ಟಿಗೆ ಸೇರಿಸಿ ಹೇಳುತ್ತದೆ. ನಾವು ಎತ್ತನ್ನು ಉಳಿಸಿಕೊಂಡು ಮನುಷ್ಯನನ್ನು ಬಿಟ್ಟುಬಿಟ್ಟಿದ್ದೇವೆ.

ಪ್ರವಾದಿ ಎಲೀಯನನ್ನು ನೆನೆಯಿರಿ. ಈಜೆಬೆಲ್ ರಾಣಿಗೆ ಹೆದರಿ ಓಡಿದ ಆತ ಮರಳುಗಾಡಿನಲ್ಲಿ ಗಿಡವೊಂದರ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡಿಕೊಂಡ. ದೇವದೂತನು ಬಂದು ಆತನನ್ನು ಬೈದನೇ? ವಿಶ್ವಾಸ ಸಾಲದು ಎಂದನೇ? ಇಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಆಮೇಲೆಯೇ ಹೋರೇಬ್ ಬೆಟ್ಟದ ಪ್ರಯಾಣ. ಊಟ, ನಿದ್ರೆ, ಪಕ್ಕದಲ್ಲೊಬ್ಬರು: ಬಳಲಿದ ಮನಸ್ಸಿಗೆ ಮೊದಲ ಔಷಧಿ ಇದು.

ಇಲ್ಲಿ ಇನ್ನೊಂದು ಮಾತೂ ಇದೆ. ಎಲೀಯನು ರೊಟ್ಟಿಯನ್ನು ತಾನೇ ಸುಟ್ಟುಕೊಳ್ಳಲಿಲ್ಲ. 2015ರಲ್ಲಿ ಮಂಡ್ಯ ಜಿಲ್ಲೆಯ ಎಷ್ಟೋ ಕಬ್ಬು ಬೆಳೆಗಾರರು ಪ್ರಾಣ ಕಳೆದುಕೊಂಡರು. ಬೆಲೆ ಕುಸಿದಿತ್ತು, ಕಾರ್ಖಾನೆಗಳಿಂದ ಹಣ ಬಾಕಿಯಿತ್ತು, ಸಾಲ ಬೆಳೆದಿತ್ತು. ಅಂಥವರಿಗೆ "ಮನಸ್ಸನ್ನು ಹಗುರ ಮಾಡಿಕೋ" ಎಂದಷ್ಟೇ ಹೇಳುವುದು ಅರ್ಧ ಮಾತು. ಮುಂಜಾನೆಯ ನಡಿಗೆಯಿಂದ ಸಾಲ ತೀರುವುದಿಲ್ಲ. ಆದರೆ ನಿದ್ದೆಗೆಟ್ಟ ಮನಸ್ಸಿಗೆ ತೀರಿಸುವ ದಾರಿಯೂ ಕಾಣುವುದಿಲ್ಲ. ಆದ್ದರಿಂದ ತನ್ನನ್ನು ನೋಡಿಕೊಳ್ಳುವುದು ಒಬ್ಬನ ಕರ್ತವ್ಯವಾದರೆ, ಅವನಿಗೆ ಹೆಗಲು ಕೊಡುವುದು ನೆರೆಯವರ ಕರ್ತವ್ಯ. ಕಷ್ಟವನ್ನು ಬಾಯಿಬಿಟ್ಟು ಹೇಳುವುದು ನಾಚಿಕೆಯಲ್ಲ; ರೊಟ್ಟಿಗೆ ಕೈಯೊಡ್ಡಿದ ಎಲೀಯನ ವಿನಯ ಅದು.

ಹಾಗಾದರೆ ಏನು ಮಾಡೋಣ? ರಾತ್ರಿಯ ನಿದ್ರೆಯನ್ನು ಕದಿಯಬೇಡಿ. ಊಟ ತಪ್ಪಿಸಬೇಡಿ. ನೋವು ಮರೆಯಲು ಕುಡಿತಕ್ಕೆ ಇಳಿಯಬೇಡಿ. ಅದು ನಿದ್ರೆಯನ್ನೂ ಮನೆಯನ್ನೂ ಕೆಡಿಸುತ್ತದೆ. ಭಾನುವಾರ ಬಲಿಪೂಜೆಯ ನಂತರ ಮನೆಯ ಹೆಂಗಸರು ಸ್ವಲ್ಪ ಹೊತ್ತಾದರೂ ಕೂರುವಂತೆ ಗಂಡಸರೂ ಮಕ್ಕಳೂ ಒಲೆಯ ಬಳಿ ನಿಲ್ಲಲಿ. ಸಾಲದ ಲೆಕ್ಕವನ್ನು ಮಡದಿಯಿಂದ ಮುಚ್ಚಿಡಬೇಡಿ.

ನಿದ್ರೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದರೆ ವೈದ್ಯರನ್ನು ಕಾಣಿರಿ. ಸಾವಿನ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜ್ವರಕ್ಕೆ ಮಾತ್ರೆ ನುಂಗುವಾಗ ನಮ್ಮ ವಿಶ್ವಾಸ ಕುಂದುವುದಿಲ್ಲ. ಮನಸ್ಸಿನ ಮದ್ದಿಗೂ ಹಾಗೆಯೇ. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದಕ್ಕೊಂದು ಎದುರಲ್ಲ.

ಈಗಾಗಲೇ ಒಬ್ಬರನ್ನು ಹೀಗೆ ಕಳೆದುಕೊಂಡ ಮನೆಯವರಿಗೂ ಒಂದು ಮಾತು. ತೀವ್ರ ಮಾನಸಿಕ ವೇದನೆಯು ಅಂಥವರ ಹೊಣೆಯನ್ನು ತಗ್ಗಿಸಬಲ್ಲದು, ಅವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದು ಎಂದು ಅದೇ ಗ್ರಂಥ ಹೇಳುತ್ತದೆ. ಅವರಿಗಾಗಿ ಪ್ರಾರ್ಥಿಸಿರಿ. ನಾವು ಉಳಿದವರು ಆ ಮನೆಗಳತ್ತ ಹೋಗುವಾಗ ಉಪದೇಶ ಮಾಡದೆ, ಒಂದು ಹೊತ್ತಿನ ಊಟ ಕೊಂಡೊಯ್ಯೋಣ.