ಮತ್ತ ಸ್ಕ್ಯಾನ್ ಯಾಕ್ರೀ?

ಹೂಲಿಯಿಂದ ಸವದತ್ತಿಗೆ ಬಂದು, ಧಾರವಾಡದ ಬಸ್ಸು ಹಿಡಿದು ಹುಬ್ಬಳ್ಳಿಯ ನವನಗರಕ್ಕೋ, ಬೈಲಹೊಂಗಲದ ಮೇಲೆ ಬೆಳಗಾವಿಗೋ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರ ಕೈಯಲ್ಲಿ ಒಂದು ದೊಡ್ಡ ಲಕೋಟೆ ಇರುತ್ತದೆ. ಸಾಲ ಮಾಡಿ ತೆಗೆಸಿದ ಎಂ.ಆರ್.ಐ., ಪೆಟ್ ಸ್ಕ್ಯಾನಿನ ಫಿಲ್ಮುಗಳು. ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡುವ ಮುಂಚೆ ಡಾಕ್ಟರು ಇನ್ನೊಂದು ಸಿ.ಟಿ. ಬರೆದರೆ, "ಎಲ್ಲಾ ಮಾಡಿಸೇವಲ್ರೀ, ಮತ್ತ ಯಾಕ್ರೀ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಕೂರಿಸಿಕೊಂಡು ಉತ್ತರ ಹೇಳಬೇಕಾದದ್ದು.

ತಂಬಾಕು, ಗುಟ್ಕಾದಿಂದ ಬರುವ ಬಾಯಿ, ಗಂಟಲಿನ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ನಾಲಿಗೆಯ ಬುಡದಂಥ ಮೆತ್ತನೆಯ ಭಾಗದಲ್ಲಿ ಗಡ್ಡೆಯ ಅಂಚು ಎಂ.ಆರ್.ಐ.ಯಲ್ಲಿ ಚೆನ್ನಾಗಿ ಕಾಣುತ್ತದೆ. ಪೆಟ್ ಸ್ಕ್ಯಾನಿಗೆ ಮೊದಲು ಕೊಡುವ ಸಕ್ಕರೆಯಂಥ ಔಷಧಿಯನ್ನು ಗಡ್ಡೆ ಜಾಸ್ತಿ ಹೀರಿ ಬೆಳಗುತ್ತದೆ. ಬಾವು ಇದ್ದ ಜಾಗವೂ ಬೆಳಗಬಹುದು. ಕಿರಣ ಮೈಯೊಳಗೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕಕ್ಕೆ ಮಾತ್ರ ಸಿ.ಟಿ.ಯೇ ಆಧಾರ. ಮೂರನ್ನೂ ಒಂದರ ಮೇಲೊಂದು ಕೂರಿಸಬೇಕು. ಸರ್ವೆಯವರು ಬಾಂದಗಲ್ಲು ಹಿಡಿದು ನಕ್ಷೆಯನ್ನು ಹೊಲಕ್ಕೆ ಹೊಂದಿಸುವಂತೆ ಇಲ್ಲಿ ದವಡೆ, ಕತ್ತಿನ ಮಣಿಗಳೇ ಗುರುತು.

ಆದರೆ ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುವ ಎಲುಬು ಎಂ.ಆರ್.ಐ.ಯಲ್ಲಿ ಕಪ್ಪಾಗಿರಬಹುದು. ಬಣ್ಣ ಬೇರೆಯಾದರೂ ಒಂದು ಚಿತ್ರದಿಂದ ಇನ್ನೊಂದನ್ನು ಅತಿ ಹೆಚ್ಚು ಊಹಿಸಲಾಗುವ ಸ್ಥಾನ ಯಾವುದೆಂದು ಕಂಪ್ಯೂಟರ್ ಹುಡುಕುವ ವಿಧಾನವನ್ನು 1995ರಲ್ಲಿ ಅಮೆರಿಕದ ವಯೋಲಾ ಮತ್ತು ವೆಲ್ಸ್, ಬೆಲ್ಜಿಯಮ್ಮಿನ ಲ್ಯೂವೆನ್ ತಂಡ ಬೇರೆಬೇರೆಯಾಗಿಯೇ ಮುಂದಿಟ್ಟವು. ಮಿದುಳಿಗೆ ಇದು ಸಲೀಸು, ತಲೆಬುರುಡೆ ಬಾಗುವುದಿಲ್ಲ. ಕತ್ತು ಬಾಗುತ್ತದೆ. ಹಳೆಯ ಎಂ.ಆರ್.ಐ. ತೆಗೆದಾಗ ತಲೆ ಬೇರೊಂದು ದಿಂಬಿನ ಮೇಲಿತ್ತು. ಕರೆಂಟ್ ಕೊಡುವಾಗ ಚಪ್ಪಟೆ ಹಲಗೆ, ಗದ್ದ ಮೇಲೆ, ಮುಖಕ್ಕೆ ಬಿಸಿನೀರಲ್ಲಿ ಮೆತ್ತಗಾಗಿಸಿ ಅಚ್ಚೊತ್ತಿದ ಪ್ಲಾಸ್ಟಿಕ್ ಜಾಲರಿಯ ಮಾಸ್ಕ್. ದವಡೆ ಹೊಂದಿಸಿದರೆ ಕತ್ತಿನ ಮಣಿ ತಪ್ಪುತ್ತದೆ. ಚಿತ್ರವನ್ನೇ ಎಳೆದು ಬಗ್ಗಿಸಿ ಹೊಂದಿಸುವ ಸಾಫ್ಟ್‌ವೇರ್ ಇದೆ, ನಿಜ. ನನ್ನ ಆತಂಕ ಅಲ್ಲೇ: ಬಣ್ಣ ಬೆರೆಸಿ ತೋರಿಸುವ ಆ ಚಿತ್ರ ತಪ್ಪಿದ್ದಾಗಲೂ ಚೆಂದವೇ ಕಾಣುತ್ತದೆ. ಪದರ ಪದರವಾಗಿ ನೋಡಿ ಒಪ್ಪುವ ಕಣ್ಣು ಬೇಕೇಬೇಕು. ಗಡ್ಡೆಗೆ 35 ಸಲಕ್ಕೆ ಒಟ್ಟು 70 ಗ್ರೇ (ಕಿರಣದ ಪ್ರಮಾಣದ ಅಳತೆ) ಕೊಡುವಾಗ, ಪಕ್ಕದ ಬೆನ್ನುಹುರಿಗೆ 45ರ ಆಸುಪಾಸಿಗಿಂತ ಹೆಚ್ಚು ತಾಗಬಾರದು. ನಡುವಿನ ಜಾಗ ಕೆಲವೊಮ್ಮೆ ಬೆರಳಗಲವೂ ಇರುವುದಿಲ್ಲ.

ಅದಕ್ಕೇ ಮಾಸ್ಕ್ ಹಾಕಿ, ಚಿಕಿತ್ಸೆಯ ಭಂಗಿಯಲ್ಲೇ ಮಲಗಿಸಿ ಇನ್ನೊಂದು ಸಿ.ಟಿ. ಹಳೆಯದು ವ್ಯರ್ಥವಾಗಲಿಲ್ಲ; ಇದರ ಮೇಲೆ ಕೂರುತ್ತದೆ. ಆದರೆ ಫಿಲ್ಮು ಕಂಪ್ಯೂಟರಿಗೆ ಸಾಲದು, ಮೂಲ ಫೈಲು ಬೇಕು. ಸ್ಕ್ಯಾನ್ ಮಾಡಿಸಿದ ದಿನವೇ ಸಿ.ಡಿ. ಕೇಳಿ ತೆಗೆದುಕೊಂಡು ಲಕೋಟೆಯಲ್ಲೇ ಇಡಿ. ಊಟ ಸೇರದೆ ಮೈ ಇಳಿದು, ನಡುವೆ ಎಂದಾದರೂ ಮಾಸ್ಕ್ ಸಡಿಲವೆನಿಸಿದರೆ ಮಲಗಿಸುವ ಟೆಕ್ನಿಷಿಯನ್ನರಿಗೆ ಅವತ್ತೇ ಹೇಳಿ. ಆಗ ಮತ್ತೊಂದು ಸಿ.ಟಿ. ಬೇಕಾಗಬಹುದು.